ಬಾಯಲ್ಲಿ ಮೊಟ್ಟೆ ಇಟ್ಕೊಂಡ ಸಿಕ್ಲಿಡ್: ಟ್ಯಾಂಕಲ್ಲೇ ಬಿಡೋದಾ, ಬೇರೆ ಮಾಡೋದಾ, ಸ್ಟ್ರಿಪ್ ಮಾಡೋದಾ?

ಸಿಕ್ಲಿಡ್ ಅನ್ನೋ ಅಕ್ವೇರಿಯಂ ಮೀನುಗಳಲ್ಲಿ ಕೆಲವು ಜಾತಿ ಮೊಟ್ಟೆ, ಮರಿಗಳನ್ನ ಬಾಯಲ್ಲೇ ಇಟ್ಕೊಂಡು ಕಾಪಾಡ್ತವೆ, ಇವಕ್ಕೆ ಮೌತ್‌ಬ್ರೂಡರ್ ಅಂತಾರೆ. ಇಂಥ ಹೆಣ್ಣು ಮೀನು ಊಟಕ್ಕೆ ಬರ್ತಿಲ್ಲ, ಗದ್ದದ ಕೆಳಗೆ ಉಬ್ಬಿಕೊಂಡಿದೆ, ಯಾವುದೋ ಮೂಲೇಲಿ ಒಂಟಿಯಾಗಿ ನಿಂತ್ಕೊಂಡು ಏನೋ ಅಗೀತಿರೋ ಹಾಗೆ ದವಡೆ ಆಡಿಸ್ತಿದೆ ಅಂದ್ರೆ ಬಾಯಲ್ಲಿ ಮೊಟ್ಟೆ ಇದೆ ಅಂತಾನೇ ಲೆಕ್ಕ. ಆ ಅಗಿಯೋದು ಊಟ ಅಲ್ಲ, ಒಳಗಿರೋ ಮೊಟ್ಟೆಗಳನ್ನ ತಿರುವಿ ಹಾಕ್ತಾ ಅವುಗಳ ಮೇಲೆ ಹೊಸ ನೀರು ಹರಿಸ್ತಿರುತ್ತೆ. ಇದನ್ನ ಮೊದಲ ಸಲ ನೋಡಿದವರು ಖುಷಿಯಲ್ಲಿ ನಾಲ್ಕು ಜನರನ್ನ ಕೇಳ್ತಾರೆ, ನಾಲ್ಕು ಥರ ಉತ್ತರ ಬರುತ್ತೆ. ಒಬ್ರು ಕೈ ಹಾಕ್ಬೇಡ ಬಿಡು ಅಂತಾರೆ, ಇನ್ನೊಬ್ರು ಇವತ್ತೇ ಬೇರೆ ಟ್ಯಾಂಕಿಗೆ ಹಾಕು ಅಂತಾರೆ, ಮತ್ತೊಬ್ರು ಬಾಯಿ ತೆಗೆಸಿ ಮರಿ ಉದುರಿಸ್ಕೋ (ಇದೇ ಸ್ಟ್ರಿಪ್ ಮಾಡೋದು) ಅಂತಾರೆ, ನಾಲ್ಕನೆಯವರು ಮೊಟ್ಟೆಗಳನ್ನ ನೀರಲ್ಲಿ ಉರುಳಿಸ್ತಾ ಇಡೋ ಟಂಬ್ಲರ್ ತಗೋ ಅಂತಾರೆ. ತಮಾಷೆ ಏನಂದ್ರೆ ನಾಲ್ವರೂ ಸುಳ್ಳು ಹೇಳ್ತಿಲ್ಲ, ಅವರವರ ಮೀನಿಗೆ ಅವರವರ ದಾರಿ ಸರಿಹೋಗಿದೆ ಅಷ್ಟೇ. ನಿಮಗೆ ಯಾವುದು ಸರಿ ಅನ್ನೋದು ಬೇರೆ ಲೆಕ್ಕ, ಅದನ್ನ ನೋಡೋಣ.

ಮೊದಲು ಇವನ್ನ ಯೋಚಿಸಿ

ಎಲ್ಲಕ್ಕಿಂತ ಮುಂಚೆ ಕೇಳ್ಕೋಬೇಕಾದ್ದು ನಿಮಗೆ ಎಷ್ಟು ಮರಿ ಬೇಕು ಅಂತ. ಬಹುತೇಕರು ಉಲ್ಟಾ ಕಡೆಯಿಂದ ಶುರು ಮಾಡ್ತಾರೆ, ಒಂದೂ ಸಾಯ್ಬಾರ್ದು ಎಲ್ಲಾ ಉಳಿಬೇಕು ಅಂತ ಹೊರಟು, ಆಮೇಲೆ ಅವನ್ನೆಲ್ಲ ಎಲ್ಲಿಡೋದು ಅಂತ ತಲೆ ಕೆರ್ಕೋತಾರೆ. ಯೆಲ್ಲೋ ಲ್ಯಾಬ್ ಅನ್ನೋ ಸಿಕ್ಲಿಡ್ ಒಂದು ಸಲಕ್ಕೆ ಸುಮಾರು 10ರಿಂದ 30 ಮರಿ ಕೊಡುತ್ತೆ, ರೆಡ್ ಝೀಬ್ರಾ ದೊಡ್ಡ ಹೆಣ್ಣಾದ್ರೆ ಇನ್ನೂ ಜಾಸ್ತಿ, ಚೆನ್ನಾಗಿ ತಿಂದುಂಡು ಇರೋ ಹೆಣ್ಣು ಒಂದೆರಡು ತಿಂಗಳಿಗೆ ಮತ್ತೆ ಮೊಟ್ಟೆ ಇಡುತ್ತೆ. ಟ್ಯಾಂಕಲ್ಲಿ ನಾಲ್ಕು ಹೆಣ್ಣಿದ್ರೆ ವರ್ಷಕ್ಕೆ ಎಷ್ಟಾಗುತ್ತೆ ನೀವೇ ಲೆಕ್ಕ ಹಾಕಿ. ತಗೊಳ್ಳೋರು ಇದ್ದಾರಾ, ಬೆಳೆಸೋಕೆ ಟ್ಯಾಂಕ್ ಇದೆಯಾ, ಇಲ್ಲ ನಾಲ್ಕೈದು ಉಳಿದ್ರೆ ಸಾಕಾ? ಈ ಉತ್ತರ ಸಿಕ್ಕಿದ್ರೆ ಅರ್ಧ ತೀರ್ಮಾನ ಆದ ಹಾಗೇನೇ.

ಆಮೇಲೆ, ಇವಕ್ಕೆ ಅಪ್ಪ ಯಾರು ಅಂತ ಗ್ಯಾರಂಟಿ ಇದೆಯಾ. ಆಫ್ರಿಕಾದ ಮಲಾವಿ ಸರೋವರದ ಮೀನುಗಳು (ಯೆಲ್ಲೋ ಲ್ಯಾಬ್, ರೆಡ್ ಝೀಬ್ರಾ ಎರಡೂ ಅಲ್ಲಿಯವೇ) ಜಾತಿ ಬಿಟ್ಟು ಜಾತಿ ಕೂಡೋದ್ರಲ್ಲಿ ಎತ್ತಿದ ಕೈ. ಯೆಲ್ಲೋ ಲ್ಯಾಬ್ ಜೊತೆ ರೆಡ್ ಝೀಬ್ರಾ ಇಟ್ಟವರ ಟ್ಯಾಂಕಲ್ಲಿ ಹುಟ್ಟೋ ಮರಿಗಳು ಎಷ್ಟೋ ಸಲ ಎರಡರದ್ದೂ ಬೆರಕೆ. ಪೀಕಾಕ್ ಅನ್ನೋ ಮಲಾವಿ ಮೀನುಗಳಲ್ಲಂತೂ ಬೇರೆ ಬೇರೆ ಬಗೆಯ ಹೆಣ್ಣುಗಳೆಲ್ಲ ಒಂದೇ ಥರ ಬೂದು ಕಂದು, ಯಾವ್ದು ಯಾವ್ದರದ್ದು ಅಂತ ಹೇಳೋದೇ ಕಷ್ಟ. ಮಿಕ್ಸ್ ಟ್ಯಾಂಕ್ ಆಗಿದ್ರೆ ಮರಿಗಳನ್ನ ಬೆಳೆಸಿ ಇಂಥ ಜಾತಿ ಅಂತ ಬೇರೆಯವರಿಗೆ ಕೊಡೋದು ಸರಿಯಲ್ಲ, ಹಾಗಾಗಿ ಕಷ್ಟಪಟ್ಟು ಎಲ್ಲಾ ಉಳಿಸೋ ದಾರಿಗಳ ಗೊಡವೆಗೇ ಹೋಗ್ಬೇಡಿ.

ಮೂರನೇದು ಜಾಗ ಮತ್ತೆ ಸಾಮಾನು: ಖಾಲಿ ಟ್ಯಾಂಕ್ ಇದೆಯಾ, ಅದಕ್ಕಿಂತ ಮುಖ್ಯವಾಗಿ ಈಗಾಗ್ಲೇ ನೀರಿನ ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ಕೂತಿರೋ ಫಿಲ್ಟರ್ ಇದೆಯಾ. ನಾಲ್ಕನೇದು ನಿಮ್ಮ ಟೈಮು, ಯಾಕಂದ್ರೆ ಬೇರೆ ಮಾಡಿದ ಮರಿಗೆ ದಿನಕ್ಕೆ ಮೂರ್ನಾಲ್ಕು ಸಲ ಊಟ ಹಾಕ್ಬೇಕು. ಕೊನೇದು ಆ ಹೆಣ್ಣಿನ ಸ್ಥಿತಿ. ಮೊದಲ ಸಲದ ಹೆಣ್ಣುಗಳು ಎಷ್ಟೋ ಸಲ ಮಧ್ಯದಲ್ಲೇ ಉಗುಳ್ತವೆ ಇಲ್ಲ ನುಂಗ್ತವೆ, ಅದು ಸಹಜ, ಎರಡು ಮೂರು ಸಲಕ್ಕೆ ಕಲಿತ್ಕೋತವೆ.

ಇನ್ನು ದಿನದ ಲೆಕ್ಕ ತಲೇಲಿರ್ಲಿ. ನೀರು 26 ಡಿಗ್ರಿ ಆಸುಪಾಸಲ್ಲಿದ್ರೆ ಮಲಾವಿ ಮೀನುಗಳಲ್ಲಿ ಮೊಟ್ಟೆ ಒಡೆಯೋದು ಸುಮಾರು ಐದನೇ ದಿನ, ಆಗ ಒಳಗಿರೋದು ಮರಿ ಅನ್ನೋದಕ್ಕಿಂತ ಬಾಲ ಇರೋ ಹಳದಿ ಚೀಲ, ಮರಿಗೆ ಬೇಕಾದ ಆಹಾರ ಅದರಲ್ಲೇ ಇರುತ್ತೆ. ಎರಡು ವಾರಕ್ಕೆ ಮೀನಿನ ಆಕಾರ ಬರುತ್ತೆ, ಚೀಲ ಸಣ್ಣದಾಗುತ್ತೆ. ಸುಮಾರು ಮೂರು ವಾರಕ್ಕೆ ಅಮ್ಮ ತಾನಾಗೇ ಹೊರಗೆ ಬಿಡುತ್ತೆ. ನೀರು ತಣ್ಣಗಿದ್ರೆ ತಡ, ಬೆಚ್ಚಗಿದ್ರೆ ಬೇಗ. ಆದ್ರಿಂದ ಗದ್ದ ಉಬ್ಬಿದ್ದು ಕಂಡ ದಿನ ಕ್ಯಾಲೆಂಡರಲ್ಲಿ ಬರ್ದಿಡಿ, ಬೇರೆ ಏನೂ ಮಾಡ್ದಿದ್ರೂ ಇದೊಂದು ಮಾಡಿ. ಟಂಬ್ಲರ್ ಒಂದನ್ನ ಬಿಟ್ರೆ ಉಳಿದ ಯಾವ ದಾರಿಗೂ ಮೊದಲ ಹತ್ತು ದಿನ ಅವಸರ ಇಲ್ಲ.

ಟ್ಯಾಂಕಲ್ಲೇ ಬಿಟ್ಬಿಡೋದು

ಖರ್ಚಿಲ್ಲ, ಕೆಲಸ ಇಲ್ಲ, ಅಮ್ಮನಿಗೆ ಹಿಡಿಯೋ ಬಿಡೋ ಹಿಂಸೆ ಇಲ್ಲ, ಗುಂಪಲ್ಲಿ ಅದರ ಸ್ಥಾನವೂ ಹೋಗಲ್ಲ. ನಷ್ಟ ಅಂದ್ರೆ ಮರಿಗಳು. ಬಾಯಿಂದ ಹೊರಗೆ ಬಂದ ಕ್ಷಣದಿಂದ ಟ್ಯಾಂಕಲ್ಲಿರೋ ಎಲ್ಲಾ ದೊಡ್ಡ ಮೀನಿಗೂ ಅವು ಊಟ. ಆದ್ರೂ ಒಂದೂ ಉಳಿಯಲ್ಲ ಅನ್ನೋ ಮಾತು ನಿಜ ಅಲ್ಲ. ಕಲ್ಲುಗಳನ್ನ ಹೇಗೆ ಜೋಡಿಸಿದ್ದೀರ ಅನ್ನೋದರ ಮೇಲಿದೆ. ದೊಡ್ಡ ದೊಡ್ಡ ಬಂಡೆ ಇಟ್ರೆ ಅದು ದೊಡ್ಡ ಮೀನಿಗೆ ಮನೆ, ಮರಿಗೆ ಬೇಕಿರೋದು ಬೆರಳು ತೂರದ ಸಂದಿ. ಟ್ಯಾಂಕಿನ ಒಂದು ಮೂಲೇಲಿ ಮುಷ್ಟಿ ಗಾತ್ರದ ಕಲ್ಲುಗಳನ್ನ ಒಂದು ರಾಶಿ ಹಾಕಿದ್ರೆ ಅದರೊಳಗೆ ಮೂರ್ನಾಲ್ಕು ಮರಿ ಬದುಕ್ಕೊಂಡು, ಕಲ್ಲಿನ ಮೇಲಿನ ಪಾಚಿ ಮತ್ತೆ ಮೇಲಿಂದ ಬೀಳೋ ಪುಡಿ ತಿಂದ್ಕೊಂಡು, ಒಂದಿನ ದಿಢೀರಂತ ಒಂದಿಂಚಿನ ಮೀನಾಗಿ ಹೊರಗೆ ಬರ್ತವೆ. ಪವರ್ ಫಿಲ್ಟರ್ ಇದ್ರೆ ನೀರು ಎಳೆಯೋ ಪೈಪಿನ ಬಾಯಿಗೆ ಸ್ಪಾಂಜ್ ಹಾಕೋದು ಮರೀಬೇಡಿ, ದೊಡ್ಡ ಮೀನಿಂದ ತಪ್ಪಿಸ್ಕೊಂಡ ಮರಿ ಅಲ್ಲಿ ಹೋಗಿ ಸಿಕ್ಕಿಹಾಕ್ಕೊಳ್ಳುತ್ತೆ.

ಈ ದಾರಿಗೆ ಎರಡು ಷರತ್ತು. ಒಂದು, ಗಂಡಿನ ಕಾಟ ಒಂದೇ ಹೆಣ್ಣಿನ ಮೇಲೆ ಬೀಳ್ಬಾರ್ದು, ಒಂದು ಗಂಡಿಗೆ ಕನಿಷ್ಠ ಮೂರ್ನಾಲ್ಕು ಹೆಣ್ಣು ಇರ್ಬೇಕು. ಆರೇಟಸ್ ಥರದ ಮುಂಗೋಪದ ಜಾತಿಗಳಲ್ಲಿ ಅಷ್ಟಿದ್ರೂ ಸಾಲಲ್ಲ, ಮೂರು ವಾರ ಸರಿಯಾಗಿ ತಿನ್ನದೆ ಸೋತಿರೋ ಹೆಣ್ಣನ್ನ ಗಂಡು ಅಟ್ಟಾಡಿಸಿ ಕೊಂದೇಬಿಡುತ್ತೆ. ಎರಡನೇದು, ಟ್ಯಾಂಕಲ್ಲಿ ಸೈನೋಡಾಂಟಿಸ್ ಮಲ್ಟಿಪಂಕ್ಟೇಟಸ್ ಅನ್ನೋ ಚುಕ್ಕಿ ಕ್ಯಾಟ್‌ಫಿಶ್ ಇದ್ರೆ ಹುಷಾರು. ಇದಕ್ಕೆ ಕುಕ್ಕೂ ಕ್ಯಾಟ್‌ಫಿಶ್ ಅಂತಾನೇ ಹೆಸರು, ಕೋಗಿಲೆ ಕೆಲಸ ಮಾಡುತ್ತೆ. ಸಿಕ್ಲಿಡ್ ಮೊಟ್ಟೆ ಇಡೋ ಹೊತ್ತಿಗೆ ಮಧ್ಯ ನುಗ್ಗಿ ತನ್ನ ಮೊಟ್ಟೆ ಉದುರಿಸುತ್ತೆ, ಹೆಣ್ಣು ಅದನ್ನೂ ಸೇರಿಸಿ ಬಾಯಿಗೆ ಹಾಕ್ಕೊಳ್ಳುತ್ತೆ, ಕ್ಯಾಟ್‌ಫಿಶ್ ಮರಿ ಮೊದಲು ಹುಟ್ಟಿ ಒಳಗೇ ಸಿಕ್ಲಿಡ್ ಮರಿಗಳನ್ನ ತಿಂದು ಬೆಳೆಯುತ್ತೆ. ಆಫ್ರಿಕಾದ ಟ್ಯಾಂಗನಿಕಾ ಸರೋವರದಲ್ಲಿ ಇದು ಹೀಗೆ ನಡೆಯುತ್ತೆ ಅಂತ 1986ರಲ್ಲಿ ಜಗತ್ತಿಗೆ ಗೊತ್ತಾಯ್ತು. ನೋಡೋಕೆ ಅದ್ಭುತ, ಆದ್ರೆ ನಿಮ್ಮ ಮರಿ ಲೆಕ್ಕ ಹೋಯ್ತು.

ನನ್ನ ಕೇಳಿದ್ರೆ ಮೊದಲ ಒಂದೆರಡು ಸಲ ಎಲ್ರೂ ಹೀಗೇ ಬಿಡ್ಬೇಕು. ಹೆಣ್ಣೂ ಕಲಿಯುತ್ತೆ, ನೀವೂ ಕಲೀತೀರ.

ತೂಗುಹಾಕೋ ಬ್ರೀಡರ್ ಬಾಕ್ಸ್

ಟ್ಯಾಂಕಿನೊಳಗೇ ನೇತುಹಾಕೋ ಸಣ್ಣ ಡಬ್ಬಿ ಇದು. ಅಗ್ಗ ಅಂತ ಜನ ಮೊದಲು ಕೊಳ್ಳೋದೇ ಇದನ್ನ, ಮತ್ತೆ ತಪ್ಪಾಗಿ ಬಳಸೋದೂ ಇದನ್ನೇ. ಹತ್ತು ಸೆಂಟಿಮೀಟರ್ ಉದ್ದದ ಹೆಣ್ಣನ್ನ ಕೈಯಗಲದ ಪಾರದರ್ಶಕ ಡಬ್ಬೀಲಿ ಹಾಕಿದ್ರೆ ಅದಕ್ಕೆ ತಿರುಗೋಕೇ ಜಾಗ ಇಲ್ಲ, ಹೊರಗಡೆಯಿಂದ ಗಂಡು ಬಂದು ಬಂದು ಗುದ್ದುತ್ತೆ, ಗಾಬರಿಯಲ್ಲಿ ಎಲ್ಲಾ ಉಗುಳಿಬಿಡುತ್ತೆ. ಅಮ್ಮನಿಗೆ ಬೇಡವೇ ಬೇಡ. ಆದ್ರೆ ಸ್ಟ್ರಿಪ್ ಮಾಡಿದ ಮರಿಗಳಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ: ಅದೇ ನೀರು, ಅದೇ ಬಿಸಿ, ದೊಡ್ಡ ಫಿಲ್ಟರಿನ ಆಸರೆ, ಒಂದು ಸಣ್ಣ ಏರ್ ಲೈನ್ ಕೊಟ್ರೆ ಮುಗೀತು. ಮೂರ್ನಾಲ್ಕು ವಾರ ಆರಾಮಾಗಿ ಬೆಳೀತವೆ.

ಅಮ್ಮನಿಗೆ ಬೇರೆ ಟ್ಯಾಂಕ್

40ರಿಂದ 50 ಲೀಟರ್ ಸಾಕು. ಒಳಗೆ ಸ್ಪಾಂಜ್ ಫಿಲ್ಟರ್, ಹೀಟರ್, ಅಡಗೋಕೆ ಒಂದು ಪಿವಿಸಿ ಪೈಪ್ ತುಂಡು ಇಲ್ಲಾ ಮಣ್ಣಿನ ಕುಂಡ, ತಳ ಖಾಲಿ ಇದ್ರೆ ಕ್ಲೀನ್ ಮಾಡೋದು ಸುಲಭ. ಇಲ್ಲಿ ಜನ ಎಡವೋದು ಫಿಲ್ಟರ್ ವಿಷಯದಲ್ಲಿ. ಹೊಸ ಸ್ಪಾಂಜ್ ಹಾಕಿ ಅವತ್ತೇ ಮೀನು ಬಿಟ್ರೆ ಅಮೋನಿಯಾ ಏರುತ್ತೆ, ಮರಿಗಳು ತಡ್ಕೊಳಲ್ಲ. ಆ ಸ್ಪಾಂಜನ್ನ ಮುಂಚೆಯೇ ಕೆಲವು ವಾರ ದೊಡ್ಡ ಟ್ಯಾಂಕಲ್ಲೇ ಓಡಿಸಿಟ್ಟಿರಿ, ಬೇಕಾದಾಗ ಎತ್ತಿ ಇಲ್ಲಿಗೆ ಹಾಕಿ. ನೀರೂ ದೊಡ್ಡ ಟ್ಯಾಂಕಿನದ್ದೇ ತುಂಬಿ, ಪಿಎಚ್ ಏರುಪೇರು ಆಗೋ ಭಯ ಇರಲ್ಲ.

ಯಾವಾಗ ಸಾಗಿಸ್ಬೇಕು? ಮೊದಲ ವಾರ ಬೇಡ, ಆಗ ಹೆದರಿಸಿದ್ರೆ ಉಗುಳೋದು ಇಲ್ಲ ನುಂಗೋದು ಜಾಸ್ತಿ. ಹತ್ತರಿಂದ ಹದಿನಾಲ್ಕನೇ ದಿನದ ಮಧ್ಯೆ ಸರಿ. ರಾತ್ರಿ ಲೈಟ್ ಆರಿಸಿ ಒಂದೆರಡು ಗಂಟೆ ಬಿಟ್ಟು, ಟಾರ್ಚ್ ಹಿಡ್ಕೊಂಡು ಹೋದ್ರೆ ಮೀನು ಮಂಪರಲ್ಲಿರುತ್ತೆ, ಹಗಲಲ್ಲಿ ಅರ್ಧ ಗಂಟೆ ಅಟ್ಟಾಡಿಸೋ ಕೆಲಸ ಎರಡು ನಿಮಿಷಕ್ಕೆ ಮುಗಿಯುತ್ತೆ. ನೆಟ್ಟಲ್ಲಿ ಹಿಡಿದ ಮೇಲೆ ನೀರಿಂದ ಮೇಲೆ ಎತ್ತಬೇಡಿ, ನೀರೊಳಗೇ ಒಂದು ಡಬ್ಬಕ್ಕೆ ಬಿಟ್ಟು ಡಬ್ಬದ ಸಮೇತ ಸಾಗಿಸಿ. ದಾರೀಲಿ ಉಗುಳಿದ್ರೂ ಮರಿ ಡಬ್ಬದಲ್ಲೇ ಇರುತ್ತೆ.

ಇದರ ದೊಡ್ಡ ಲಾಭ ಅಂದ್ರೆ ಮರಿ ಪೂರ್ತಿ ಬಲಿತು ಹೊರಗೆ ಬರುತ್ತೆ, ಅಮ್ಮನೂ ಶಾಂತವಾಗಿರುತ್ತೆ. ಎಲ್ಲಾ ಬಿಟ್ಟಾದ ಮೇಲೆ ಅಮ್ಮನ್ನ ತೆಗೀಬೇಕು, ಹಸಿದ ಹೊಟ್ಟೆ ಮುಂದೆ ಮರಿ ಅಂತ ನೋಡಲ್ಲ. ನಷ್ಟ ಏನಂದ್ರೆ ಹೆಚ್ಚು ದಿನ ಹೊರಗಿದ್ದ ಹೆಣ್ಣನ್ನ ಗುಂಪು ಮರ್ತುಬಿಡುತ್ತೆ, ವಾಪಸ್ ಬಿಟ್ಟಾಗ ಹೊಸ ಮೀನು ಬಂದ ಹಾಗೆ ಎಲ್ರೂ ಸೇರಿ ಅಟ್ಟಿಸ್ಕೊಂಡು ಹೋಗ್ತವೆ. ಯೆಲ್ಲೋ ಲ್ಯಾಬ್, ಪೀಕಾಕ್‌ಗಳಲ್ಲಿ ಇದು ಅಷ್ಟಾಗಿ ಕಾಡಲ್ಲ. ಟ್ಯಾಂಗನಿಕಾದ ಟ್ರೋಫಿಯಸ್ ಅನ್ನೋ ಸಿಕ್ಲಿಡ್‌ನಲ್ಲಿ ಪ್ರಾಣಕ್ಕೇ ಬರುತ್ತೆ.

ಸ್ಟ್ರಿಪ್ ಮಾಡೋದು

ಹೆಸರು ಕೇಳಿದ್ರೇನೇ ಕೆಲವರು ಮುಖ ಕಿವುಚ್ತಾರೆ, ಸರಿಯಾಗಿ ಮಾಡಿದ್ರೆ ಒಂದೆರಡು ನಿಮಿಷದ ಕೆಲಸ. ಟೈಮು ಮುಖ್ಯ: 16ರಿಂದ 18ನೇ ದಿನ. ಅಷ್ಟು ಹೊತ್ತಿಗೆ ಮರಿಗಳ ಚೀಲ ಬಹುತೇಕ ಕರಗಿರುತ್ತೆ, ಈಜೋಕೆ ಶುರು ಮಾಡೋ ಹಂತ.

ಅಗಲ ಬಾಯಿಯ ಒಂದು ಪಾತ್ರೆಗೆ ಟ್ಯಾಂಕಿನದ್ದೇ ನೀರು ತಗೊಳ್ಳಿ. ಕೈ ಚೆನ್ನಾಗಿ ಒದ್ದೆ ಮಾಡ್ಕೊಳ್ಳಿ, ಒಣಗಿದ ಕೈಯಲ್ಲಿ ಹಿಡಿದ್ರೆ ಮೈಮೇಲಿನ ಲೋಳೆ ಕಿತ್ತು ಬರುತ್ತೆ. ಮೀನನ್ನ ಒದ್ದೆ ನೆಟ್ಟಲ್ಲೇ ಸುತ್ತಿ ತಲೆ ಮಾತ್ರ ಹೊರಗಿರೋ ಹಾಗೆ ಹಿಡಿದು, ತಲೆ ಕೆಳಗೆ ಮಾಡಿ ಬಾಯಿ ನೀರಿಗೆ ತಾಗೋ ಹಾಗೆ ಇಟ್ಕೊಂಡು, ತುದಿ ಮೊಂಡು ಮಾಡಿದ ಟೂತ್‌ಪಿಕ್‌ನಿಂದ ಕೆಳದವಡೆಯನ್ನ ಮೆತ್ತಗೆ ಕೆಳಗೆ ಒತ್ತಿ. ಎಳೀಬಾರ್ದು, ಒತ್ತಿ ಹಿಡಿಯೋದಷ್ಟೇ. ಮೊದಲು ಒಂದು ಮರಿ ಬಾಲ ಮುಂದಾಗಿ ಜಾರುತ್ತೆ, ಆಮೇಲೆ ಮೂರ್ನಾಲ್ಕು ಒಟ್ಟಿಗೆ. ನೀರಲ್ಲಿ ಒಂದು ಸಲ ಅದ್ದಿ ಎತ್ತಿ, ಮತ್ತೆ ದವಡೆ ಒತ್ತಿ. ಎಲ್ಲಾ ಬಂತು ಅಂದ್ಕೊಂಡ ಮೇಲೂ ಗಂಟಲ ಹತ್ರ ಎರಡು ಮೂರು ಉಳ್ಕೊಂಡಿರೋದು ಮಾಮೂಲಿ, ಗದ್ದ ಇನ್ನೂ ಗುಂಡಗಿದ್ಯಾ ಅಂತ ನೋಡಿ. ಮೀನು ಜೋರಾಗಿ ಒದ್ದಾಡಿದ್ರೆ ಬಿಟ್ಬಿಡಿ, ನೀರಲ್ಲಿ ಅದು ಸುಧಾರಿಸ್ಕೊಳ್ಳಲಿ, ಆಮೇಲೆ ಮುಂದುವರಿಸಿ. ಅವಸರದಲ್ಲಿ ದವಡೆಗೆ ಏಟಾದ್ರೆ ಅದು ಮುಂದೆ ತಿನ್ನೋಕೂ ಕಷ್ಟ, ಮೊಟ್ಟೆ ಹಿಡಿಯೋಕೂ ಕಷ್ಟ.

ಬಂದ ಮರಿಗಳ ಹೊಟ್ಟೆಯಡಿ ಹಳದಿ ಇನ್ನೂ ದಪ್ಪಗೆ ಕಾಣ್ತಿದ್ರೆ ಬೇಗ ಮಾಡಿದ್ದೀರ ಅಂತ ಅರ್ಥ. ಗಾಬರಿ ಬೇಡ, ಬ್ರೀಡರ್ ಬಾಕ್ಸಲ್ಲಿ ನಿಧಾನವಾಗಿ ನೀರು ಆಡೋ ಹಾಗೆ ಇಡಿ, ಚೀಲ ಕರಗೋ ತನಕ ಊಟ ಹಾಕ್ಬೇಡಿ, ಹಾಕಿದ್ರೂ ತಿನ್ನಲ್ಲ, ಕೊಳೆಯುತ್ತೆ ಅಷ್ಟೇ.

ಲಾಭ ಎರಡು. ಮರಿ ಎಲ್ಲಾ ಕೈಗೆ ಸಿಗುತ್ತೆ. ಅಮ್ಮ ಅದೇ ದಿನ ಗುಂಪಿಗೆ ವಾಪಸ್ ಹೋಗ್ಬಹುದು, ಹಾಗಾಗಿ ಸ್ಥಾನ ಕಳ್ಕೊಳ್ಳೋ ಪ್ರಶ್ನೆ ಬರಲ್ಲ. ಖರ್ಚು ಅಂದ್ರೆ ಒಂದು ಬಾಕ್ಸ್, ಒಂದು ಏರ್ ಪಂಪ್. ಬೆಲೆ ಕಟ್ಟೋದು ನಿಮ್ಮ ಕೈಯ ನಿಧಾನದಲ್ಲಿ. ಕೈ ನಡುಗೋರು, ಮೀನು ಹಿಡಿದೇ ಅಭ್ಯಾಸ ಇಲ್ಲದವರು ಯಾರಾದ್ರೂ ಮಾಡೋದನ್ನ ಒಂದು ಸಲ ಪಕ್ಕದಲ್ಲಿ ನಿಂತು ನೋಡಿ ಆಮೇಲೆ ಮಾಡಿ.

ಟಂಬ್ಲರ್

ಮೊಟ್ಟೆ ಇಟ್ಟ ಮೊದಲ ಕೆಲವು ದಿನದಲ್ಲೇ ತೆಗೆದು, ಕೆಳಗಿಂದ ಬರೋ ನೀರಿನ ಹರಿವಲ್ಲಿ ಮೊಟ್ಟೆಗಳು ಸದಾ ಮೆಲ್ಲಗೆ ಉರುಳ್ತಿರೋ ಹಾಗೆ ಇಡೋ ಕೊಳವೆ ಇದು. ಅಮ್ಮನ ಬಾಯಿ ಮಾಡೋ ಕೆಲಸವನ್ನ ಏರ್ ಪಂಪ್ ಮಾಡುತ್ತೆ. ಹರಿವು ಜೋರಾದ್ರೆ ಮೊಟ್ಟೆ ಗೋಡೆಗೆ ಬಡಿದು ಹಾಳು, ಕಮ್ಮಿಯಾದ್ರೆ ತಳದಲ್ಲಿ ಕೂತು ಫಂಗಸ್. ಬಿಳಿ ಆದ ಮೊಟ್ಟೆಯನ್ನ ದಿನಾ ಪಿಪೆಟ್ಟಲ್ಲಿ ಆರಿಸಿ ತೆಗೀಬೇಕು, ಇಲ್ದಿದ್ರೆ ಪಕ್ಕದ್ದಕ್ಕೂ ಹಬ್ಬುತ್ತೆ. ಕರೆಂಟ್ ಹೋಗೋ ಜಾಗ ಆದ್ರೆ ಬ್ಯಾಟರಿ ಏರ್ ಪಂಪ್ ಇಲ್ದೆ ಇದಕ್ಕೆ ಕೈ ಹಾಕ್ಲೇಬೇಡಿ.

ಇಷ್ಟೆಲ್ಲ ಯಾಕೆ ಬೇಕು? ಒಂದು ಹೆಣ್ಣು ಪ್ರತಿ ಸಲ ನಾಲ್ಕೈದನೇ ದಿನಕ್ಕೆ ನುಂಗ್ತಿದೆ, ಅದೂ ಸುಲಭಕ್ಕೆ ಸಿಗದ ಜಾತಿ, ಹಾಗಿದ್ರೆ ಬೇರೆ ದಾರಿ ಇಲ್ಲ. ಉಳಿದವರಿಗೆ ಇದು ಬೇಡದ ತಲೆನೋವು. ಫಲ ಕಟ್ಟದ ಮೊಟ್ಟೆಯನ್ನ ಯಾವ ಟಂಬ್ಲರೂ ಮರಿ ಮಾಡಲ್ಲ, ಎಷ್ಟೋ ಹೆಣ್ಣುಗಳು ನುಂಗೋದು ಮೊಟ್ಟೆಗೆ ಫಲ ಕಟ್ಟಿಲ್ಲ ಅನ್ನೋ ಕಾರಣಕ್ಕೇ. ಆಗ ನೋಡ್ಬೇಕಾದ್ದು ಗಂಡನ್ನ: ವಯಸ್ಸು ಬಂದಿದ್ಯಾ, ಮೊಟ್ಟೆ ಇಡೋ ಹೊತ್ತಲ್ಲಿ ಬೇರೆ ಮೀನು ಮಧ್ಯ ಬಂದು ಓಡಿಸ್ತಿದೆಯಾ. ಈ ಮೀನುಗಳಲ್ಲಿ ಫಲ ಕಟ್ಟೋದು ಬಹುಮಟ್ಟಿಗೆ ಬಾಯೊಳಗೇ, ಗಂಡಿನ ಕೆಳ ರೆಕ್ಕೆ ಮೇಲಿರೋ ಮೊಟ್ಟೆಯಂಥ ಹಳದಿ ಚುಕ್ಕಿಗಳಿಗೆ ಹೆಣ್ಣು ಬಾಯಿ ಹಾಕೋ ಆ ಗಳಿಗೇಲಿ. ಅಲ್ಲಿ ಅಡ್ಡಿ ಆದ್ರೆ ಎಲ್ಲಾ ಖಾಲಿ.

ಯಾವ ಮೀನಿಗೆ ಯಾವುದು

ಯೆಲ್ಲೋ ಲ್ಯಾಬ್ ಇಲ್ಲಾ ಸೌಲೋಸಿ (ಇದೂ ಮಲಾವಿ ಮೀನೇ), ಟ್ಯಾಂಕಲ್ಲಿ ಅದೊಂದೇ ಜಾತಿ, ನಾಲ್ಕಾರು ಮರಿ ಸಾಕು ಅನ್ನೋರು ಕಲ್ಲು ರಾಶಿ ಹಾಕಿ ಸುಮ್ನಿದ್ಬಿಡಿ. ಅದೇ ಮೀನು, ಪೂರ್ತಿ ಬ್ಯಾಚ್ ಬೇಕು, ಜಾಗ ಕಮ್ಮಿ ಅಂದ್ರೆ ಸ್ಟ್ರಿಪ್ ಮಾಡಿ ಬಾಕ್ಸಿಗೆ ಹಾಕೋದು. ಪೀಕಾಕ್‌ಗಳ ಟ್ಯಾಂಕಲ್ಲಿ ಕಲ್ಲು ಕಮ್ಮಿ, ಬಯಲು ಜಾಸ್ತಿ, ಬಿಟ್ರೆ ಉಳಿಯೋದು ಅಪರೂಪ. ಸ್ವಭಾವ ಸೌಮ್ಯ ಆದ್ದರಿಂದ ಅಮ್ಮನ್ನ ಬೇರೆ ಟ್ಯಾಂಕಿಗೆ ಹಾಕಿದ್ರೂ ವಾಪಸ್ ಸೇರಿಸೋದು ಕಷ್ಟ ಆಗಲ್ಲ.

ಆಫ್ರಿಕಾದ ಪುಟ್ಟ ಈಜಿಪ್ಷಿಯನ್ ಮೌತ್‌ಬ್ರೂಡರ್ ಇಟ್ಕೊಂಡಿದ್ರೆ ಕಣ್ಣು ಮುಚ್ಕೊಂಡು ಬೇರೆ ಟ್ಯಾಂಕ್ ಆರಿಸಿ, ಸ್ಟ್ರಿಪ್ ಮಾಡೋಕೆ ಹೋಗ್ಬೇಡಿ. ಎರಡು ವಾರದೊಳಗೇ ಮರಿ ಬಿಡುತ್ತೆ, ಬಿಟ್ಟ ಮೇಲೂ ಕೆಲವು ದಿನ ಏನಾದ್ರೂ ಅಲ್ಲಾಡಿದ್ರೆ ಅಮ್ಮ ತಲೆ ತಗ್ಗಿಸಿ ನಿಲ್ಲುತ್ತೆ, ಮರಿಗಳೆಲ್ಲ ಒಂದೇ ಸಲಕ್ಕೆ ಅದರ ಬಾಯಿ ಕಡೆ ಓಡಿ ಒಳಗೆ ಸೇರ್ಕೋತವೆ. ಇದನ್ನ ನೋಡೋಕೇ ಈ ಮೀನು ಸಾಕ್ಬೇಕು. ಮರಿ ಬೇರೆ ಜಾತಿಗಳದ್ದಕ್ಕಿಂತ ಸಣ್ಣದು, ಊಟವೂ ಸಣ್ಣದಾಗಿರ್ಬೇಕು.

ಟ್ರೋಫಿಯಸ್ ಹೆಣ್ಣು ಸುಮಾರು ನಾಲ್ಕು ವಾರ ಹಿಡ್ಕೊಳ್ಳುತ್ತೆ, ಮರಿ ಬೆರಳೆಣಿಕೆಯಷ್ಟು, ಆದ್ರೆ ಒಂದೊಂದೂ ದೊಡ್ಡದು. ಬಾಯಲ್ಲಿ ಮರಿ ಇರೋವಾಗ್ಲೂ ಇದು ತಿನ್ನುತ್ತೆ, ಹಾಗಾಗಿ ಹೊಟ್ಟೆ ಬೆನ್ನಿಗೆ ಅಂಟಿಕೊಳ್ಳೋ ಭಯ ಕಮ್ಮಿ. ಗುಂಪಲ್ಲೇ ಬಿಡಿ, ಬೇಕಾದ್ರೆ ಕೊನೇ ವಾರದಲ್ಲಿ ಸ್ಟ್ರಿಪ್ ಮಾಡಿ ಕೂಡ್ಲೇ ವಾಪಸ್ ಹಾಕಿ. ಟ್ಯಾಂಗನಿಕಾದ್ದೇ ಆದ ಫ್ರಂಟೋಸಾ ಇನ್ನೂ ನಿಧಾನ, ತಿಂಗಳು ದಾಟಿಸುತ್ತೆ, ಅದಕ್ಕೆ ಮೇಲೆ ಹೇಳಿದ ದಿನಗಳ ಲೆಕ್ಕ ಹಾಕಿ ಬೇಗ ಬಾಯಿ ತೆಗೆಸ್ಬೇಡಿ. ಆರೇಟಸ್‌ನಂಥವಕ್ಕೆ ಮರಿಗಿಂತ ಅಮ್ಮನ ಜೀವ ದೊಡ್ಡದು, ಬೇರೆ ಟ್ಯಾಂಕಿಗೆ ಹಾಕಿ.

ಮರಿ ಊಟದ ಬಗ್ಗೆ ಜಾಸ್ತಿ ಹೇಳೋಕಿಲ್ಲ, ಇದೊಂದು ವಿಷಯದಲ್ಲಿ ಮೌತ್‌ಬ್ರೂಡರ್‌ಗಳು ಪುಣ್ಯವಂತ ಮೀನುಗಳು. ಮಲಾವಿ ಮರಿ ಹೊರಗೆ ಬಂದಾಗ್ಲೇ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಇರುತ್ತೆ, ಆಗ ತಾನೇ ಒಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿ) ಮರಿ, ಬೆರಳಲ್ಲಿ ಹುಡಿ ಮಾಡಿದ ಸ್ಪಿರುಲಿನಾ ಫ್ಲೇಕ್ ಎರಡೂ ಮೊದಲ ದಿನವೇ ತಿನ್ನುತ್ತೆ. ಸಾಯೋದು ಹಸಿವಿಂದಲ್ಲ, ಜಾಸ್ತಿ ಹಾಕಿ ನೀರು ಕೆಟ್ಟು. ಚಿಟಿಕೆ ಚಿಟಿಕೆ ಹಾಕಿ, ತಳದಲ್ಲಿ ಉಳಿದಿದ್ದನ್ನ ಸಣ್ಣ ಪೈಪಲ್ಲಿ ಎಳೆದು ತೆಗೀತಿರಿ.

ಇನ್ನು ಅಮ್ಮನ್ನ ವಾಪಸ್ ಬಿಡೋದು. ಬೇರೆ ಟ್ಯಾಂಕಲ್ಲಿದ್ರೆ ಮರಿ ಬಿಟ್ಟ ಮೇಲೆ ಸುಮಾರು ಒಂದು ವಾರ ಒಂಟಿಯಾಗಿ ಇಟ್ಕೊಂಡು ಚೆನ್ನಾಗಿ ತಿನ್ನಿಸಿ, ಬೆನ್ನು ತುಂಬ್ಕೊಂಡ ಮೇಲೆ ಬಿಡಿ, ಇಲ್ಲಾಂದ್ರೆ ಸೋತ ಮೈಯಲ್ಲೇ ಗಂಡು ಮತ್ತೆ ಮೊಟ್ಟೆ ಇಡೋಕೆ ಅಟ್ಟಿಸ್ಕೊಂಡು ಬರುತ್ತೆ. ಬಿಡೋ ದಿನ ದೊಡ್ಡ ಟ್ಯಾಂಕಿನ ಕಲ್ಲುಗಳ ಜಾಗ ಸ್ವಲ್ಪ ಬದಲಾಯಿಸಿ, ಎಲ್ರದ್ದೂ ಗಡಿ ಅಳಿಸಿಹೋಗಿ ಹೊಸದಾಗಿ ಜಾಗ ಹುಡುಕೋ ಗದ್ದಲದಲ್ಲಿರ್ತವೆ, ಆಗ ಲೈಟ್ ಆರಿಸಿ ಒಳಗೆ ಬಿಟ್ಬಿಡಿ. ಬೆಳಿಗ್ಗೆ ಎದ್ದು ರೆಕ್ಕೆ ಹರಿದಿದ್ಯಾ, ಮೇಲಿನ ಮೂಲೇಲಿ ಫಿಲ್ಟರ್ ಪೈಪಿನ ಹಿಂದೆ ಸೇರ್ಕೊಂಡಿದ್ಯಾ ಅಂತ ನೋಡಿ. ಹಾಗಿದ್ರೆ ಹೊರಗೆ ತೆಗೆದು ಇನ್ನೊಂದು ವಾರ ತಿನ್ನಿಸಿ ಮತ್ತೆ ಬಿಡಿ, ಊಟಕ್ಕೆ ಎಲ್ರ ಜೊತೆ ಬಂದ್ರೆ ಏನೂ ಮಾಡ್ಬೇಕಿಲ್ಲ.